ಅಂಗಡಿ ‘ಆಡಳಿತಕ್ಕೆ ಹೋಯಿತು’ ಅಂದರೆ ಏನರ್ಥ?

ಚೆಕ್ ದೇಶದ ಬ್ರನೋದಿಂದ ಓದುಗರೊಬ್ಬರು ಬರೆದಿದ್ದಾರೆ: “ಇಲ್ಲಿನವರಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಪಾಠದಲ್ಲಿ ಎರಡು ಪುಟ ಬರೀ ಮುಚ್ಚಿದ ಅಂಗಡಿ, ಹೋದ ಕೆಲಸ, ಕಟ್ಟಲಾಗದ ಬಿಲ್ಲುಗಳ ಪದಗಳು. ದಣಿದು ಬಂದವರಿಗೆ ಈ ಗೋಳು ಯಾಕೆ? ಇದನ್ನು ಬಿಟ್ಟು ಹೋಟೆಲ್, ವಿಮಾನ ನಿಲ್ದಾಣದ ಮಾತು ಕಲಿಸಬಹುದಲ್ವಾ?”

ಬಿಡಬೇಡಿ ಮೇಡಂ. ದಣಿದವರಿಗೆ ಗೋಳು ಬೇಡ ಅನ್ನಿಸೋದು ಸಹಜ, ಒಪ್ಪಿದೆ. ಆದರೆ 2022ರಲ್ಲಿ ಅದೇ ದೇಶದಲ್ಲಿ ಬೆಲೆಗಳು ಸರಾಸರಿ ಶೇ 15ರಷ್ಟು ಏರಿದ್ದವು. ಆ ವರ್ಷದ ಬಿಲ್ಲು ನೋಡಿ ತಲೆ ಮೇಲೆ ಕೈ ಹೊತ್ತವರು ನಿಮ್ಮ ಮುಂದೆಯೇ ಕೂತಿದ್ದಾರೆ. ಅವರಿಗೆ ‘ಕಿಟಕಿ ಪಕ್ಕದ ಸೀಟು ಕೊಡಿ’ ಅಂತ ಕಲಿಸಿ ಕಳಿಸುತ್ತೀರಾ?

ಇನ್ನೊಂದು ವಿಷಯ. ಕಷ್ಟಕ್ಕೆ ಇಸ್ತ್ರಿ ಮಾಡಿದ ಬಟ್ಟೆ ತೊಡಿಸೋದರಲ್ಲಿ ಇಂಗ್ಲಿಷಿನವರು ಪಳಗಿದ ಕೈ. ಯಾರಾದರೂ ಬಿಡಿಸಿ ಹೇಳದೆ ಅದು ತಿಳಿಯೋದಿಲ್ಲ. 2008ರ ನವೆಂಬರಿನಲ್ಲಿ ಬ್ರಿಟನ್ನಿನ ವುಲ್‌ವರ್ತ್ಸ್ ಅನ್ನೋ ಅಂಗಡಿ ಸರಣಿ ‘ಅಡ್ಮಿನಿಸ್ಟ್ರೇಷನ್’ಗೆ, ಅಂದರೆ ‘ಆಡಳಿತಕ್ಕೆ’ ಹೋಯಿತು. ಚೆಕ್ ಕಿವಿಗೆ ಅದು ಕಚೇರಿಯ ಕಾಗದಪತ್ರದ ಕೆಲಸ ಅಂತಲೇ ಕೇಳಿಸುತ್ತದೆ, ನಮಗೂ ಅಷ್ಟೇ. ನಿಜದಲ್ಲಿ ಆದದ್ದೇನು? ಸಾಲ ತೀರಿಸಲಾಗದ ಕಂಪನಿಯನ್ನು ಹೊರಗಿನ ಆಡಳಿತಗಾರರ ಕೈಗೆ ಒಪ್ಪಿಸಿದರು. 1909ರಲ್ಲಿ ಲಿವರ್‌ಪೂಲಿನಲ್ಲಿ ಶುರುವಾಗಿ, ಮಕ್ಕಳು ಬೇಕಾದ ಮಿಠಾಯಿ ಆರಿಸಿ ಪೊಟ್ಟಣಕ್ಕೆ ತುಂಬಿಕೊಳ್ಳುತ್ತಿದ್ದ ಅಂಗಡಿ, ಕೊನೆಗೆ ಗೋಡೆಯ ಕಪಾಟುಗಳನ್ನೂ ಬಿಚ್ಚಿ ಮಾರಿತು. 2009ರ ಜನವರಿ 6ಕ್ಕೆ ಎಂಟುನೂರಕ್ಕೂ ಹೆಚ್ಚು ಮಳಿಗೆಗಳಲ್ಲಿ ಕೊನೆಯವೂ ಬಾಗಿಲು ಹಾಕಿದವು. ಸುಮಾರು 27,000 ಜನ ಕೆಲಸ ಕಳೆದುಕೊಂಡರು. ಅವರನ್ನು ‘ರಿಡಂಡೆಂಟ್’ ಮಾಡಲಾಯಿತು ಅಂತಾರೆ. ಅಂದರೆ ನೀನು ಹೆಚ್ಚಾದೆ, ಬೇಕಾಗಿಲ್ಲ ಅಂತ! ‘ಗೋ ಬಸ್ಟ್’, ಅಂದರೆ ದಿವಾಳಿ ಎದ್ದಿತು ಅನ್ನೋ ಒರಟು ಮಾತು ಇದಕ್ಕಿಂತ ಎಷ್ಟೋ ವಾಸಿ. ಮೊದಲು ಅದನ್ನೇ ಕಲಿಸಿ.

ನಿಮ್ಮ ವಿದ್ಯಾರ್ಥಿಗಳ ಹತ್ತಿರ ಒಂದು ಒಳ್ಳೆಯ ಪದ ಇದೆ: ‘ದ್ರಹೋತಾ’. ಎಲ್ಲವೂ ತುಟ್ಟಿಯಾಗಿರುವ ಕಾಲ. ಅದು ಬಂದದ್ದು ‘ದ್ರಹೀ’ ಅನ್ನೋದರಿಂದ, ಅದಕ್ಕೆ ದುಬಾರಿ ಅಂತಲೂ ಅರ್ಥ, ಪ್ರೀತಿಯ ಅಂತಲೂ ಅರ್ಥ. ಇಂಗ್ಲಿಷಿನ ‘ಡಿಯರ್’ಗೂ ಥೇಟ್ ಇವೆರಡೇ ಅರ್ಥ. ನಮ್ಮ ಸರ್ಕಾರಿ ನೌಕರರು ತಿಂಗಳು ತಿಂಗಳು ಎಣಿಸುವ ಡಿಎ ಕೂಡ ಡಿಯರ್‌ನೆಸ್ ಅಲವೆನ್ಸೇ. ಕನ್ನಡದಲ್ಲಿ ತುಟ್ಟಿಭತ್ಯೆ. ಮೂರು ಭಾಷೆ ಒಂದೇ ಬೆಂಚಿನಲ್ಲಿ ಕೂತ ಹಾಗಿಲ್ವಾ! ಇನ್ನು ಬಾಟಾ ನಮ್ಮೂರಿನದೇ ಅಂದುಕೊಂಡು ಬೆಳೆದವರು ನಾವು. ಅವರ ಮೂಲ ಊರು ಜ್ಲೀನ್ ನಿಮ್ಮ ಬ್ರನೋಗೆ ದೂರವೇನಲ್ಲ. 1922ರಲ್ಲಿ ತೋಮಾಶ್ ಬಾಟಾ ಜೋಡಿನ ಬೆಲೆ ಅರ್ಧಕ್ಕೆ ಇಳಿಸಿದರು. ಜಾಹೀರಾತಿನಲ್ಲಿ ಒಂದು ಮುಷ್ಟಿ ‘ದ್ರಹೋತಾ’ ಅನ್ನೋ ಪದವನ್ನೇ ಗುದ್ದಿ ಪುಡಿ ಮಾಡುತ್ತಿತ್ತು. (ಕೆಲಸಗಾರರ ಕೂಲಿಗೂ ಶೇ 40ರಷ್ಟು ಗುದ್ದು ಬಿತ್ತು. ಚಿತ್ರದಲ್ಲಿ ಅದು ಕಾಣೋದಿಲ್ಲ.)

ಕಷ್ಟಕ್ಕೆ ಇಸ್ತ್ರಿ ಬಟ್ಟೆ ತೊಡಿಸೋ ರೋಗ ಈಗ ನಮ್ಮ ಪತ್ರಿಕೆಗಳಿಗೂ ಇದೆ, ನಮ್ಮದನ್ನೂ ಸೇರಿಸಿಯೇ ಹೇಳುತ್ತೇನೆ. ‘ಮಾನವ ಸಂಪನ್ಮೂಲದ ಪುನರ್ರಚನೆ’ ಅಂತ ಅಚ್ಚು ಹಾಕುತ್ತೇವೆ. ನೂರು ಜನರನ್ನು ಮನೆಗೆ ಕಳಿಸಿದರು ಅನ್ನೋಕೆ ಬಾಯಿ ಬರೋದಿಲ್ಲ. ನಮ್ಮ ಸೋದರಮಾವನ ಬಟ್ಟೆ ಅಂಗಡಿ ಮುಳುಗಿದಾಗ ಬೀದಿಯೆಲ್ಲ ‘ಪಾಪರ್ ಆದ’ ಅಂದಿತು. ಮಾವನೂ ಅದನ್ನೇ ಅಂದ. ‘ಪಾಪರ್’ ಇಂಗ್ಲಿಷಿನದೇ, ಆದರೆ ಅದನ್ನು ಯಾರೂ ಇಸ್ತ್ರಿ ಮಾಡಿರಲಿಲ್ಲ. ಗಲ್ಲಾಪೆಟ್ಟಿಗೆ ಮನೆಗೆ ಬಂತು, ಅತ್ತೆ ಅದರಲ್ಲಿ ಸಾಸಿವೆ, ಮೆಂತ್ಯ ಇಟ್ಟರು.

ಮುಂದಿನ ಪಾಠಕ್ಕೆ ಆ ಮುಷ್ಟಿಯ ಚಿತ್ರ ಹಿಡಿದುಕೊಂಡು ಹೋಗಿ. ಅವರು ಏನಂದರು ಅಂತ ಬರೆಯಿರಿ, ಅಚ್ಚು ಹಾಕೋಣ.

— ಸಂ.