ಓದುಗರ ಪ್ರಶ್ನೆ: ಕಥೆ ಬರೆಸಲು ಹೋದರೆ ಮಕ್ಕಳು ಅಳುತ್ತಾರೆ

ಪ್ರಶ್ನೆ: ಬಾಲಮಂದಿರದಲ್ಲಿ ಸಂಜೆ ಪಾಠ ಹೇಳಿಕೊಡುತ್ತೇನೆ. 14–16ರ ಹುಡುಗಿಯರಿಗೆ ‘ನಿಮ್ಮ ಕಥೆ ಬರೆಯಿರಿ’ ಎಂದರೆ ಒಬ್ಬಳು ಅತ್ತು ಎದ್ದುಹೋದಳು, ಉಳಿದವರು ಪೆನ್ನೇ ಮುಟ್ಟಲಿಲ್ಲ. ಏನು ಮಾಡಲಿ?

ಉತ್ತರ: ‘ಏನಾಯಿತು’ ಎಂಬಲ್ಲಿಂದ ಶುರುಮಾಡಬೇಡಿ, ಕಾಲೂರಲು ನೆಲವಿಲ್ಲದೆ ನೋವನ್ನು ಕೆದಕಿದರೆ ಹಳೆಯ ಭಯವೇ ಮರಳುತ್ತದೆ. ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಎಚ್‌ಐವಿಯಿಂದ ನೊಂದ ಮಕ್ಕಳಿಗಾಗಿ ಮನೋವಿಜ್ಞಾನಿ ಎನ್‌ಕಾಝೆಲೊ ಎನ್‌ಕುಬೆ, ಸಮುದಾಯ ಕಾರ್ಯಕರ್ತ ಡೇವಿಡ್ ಡೆನ್‌ಬರೊ ರೂಪಿಸಿದ ‘ಬದುಕಿನ ಮರ’ ಎಂಬ ಚಿತ್ರ ಬಿಡಿಸುವ ಚಟುವಟಿಕೆ ಮಾಡಿಸಿ. ತಲೆಗೊಂದು ಡ್ರಾಯಿಂಗ್ ಹಾಳೆ, ಕ್ರೆಯಾನ್ ಸಾಕು. ಬೇರಿನಲ್ಲಿ ಊರು, ಮನೆಮಂದಿ, ಕಲಿತ ಹಾಡು, ನೆಲದಲ್ಲಿ ದಿನಚರಿ, ಕಾಂಡದಲ್ಲಿ ಬಲ್ಲ ಕೆಲಸ, ಕೊಂಬೆಯಲ್ಲಿ ಆಸೆ, ಎಲೆಯಲ್ಲಿ ಬೇಕಾದವರು (ತೀರಿಕೊಂಡವರೂ ಸರಿ), ಹಣ್ಣಿನಲ್ಲಿ ಇತರರಿಂದ ಪಡೆದದ್ದು.

ಮಕ್ಕಳು ತಡವರಿಸುವುದು ಕಾಂಡದಲ್ಲೇ: ‘ನಂಗೇನೂ ಬರಲ್ಲ ಮಿಸ್.’ ಹೊಗಳಲು ಹೋಗಬೇಡಿ, ನಂಬುವುದಿಲ್ಲ. ಪಕ್ಕದವಳನ್ನು ಕೇಳಿ. ‘ಅಳೋ ಚಿಕ್ಕಮಕ್ಕಳನ್ನ ಇವಳೇ ಮಲಗಿಸೋದು’ ಎಂದರೆ ಅದನ್ನೇ ಬರೆಸಿ. ಮರಗಳನ್ನು ಗೋಡೆಗೆ ಅಂಟಿಸಿ ಓದಿಸಿದ ಮೇಲಷ್ಟೇ ಬಿರುಗಾಳಿಯ ಮಾತು. ಅದೂ ‘ಮಕ್ಕಳ ಬದುಕಿಗೆ ಎಂಥ ಗಾಳಿ ಬೀಸುತ್ತದೆ, ಆಗ ಏನು ಮಾಡುತ್ತಾರೆ’ ಎಂದು ಎಲ್ಲರನ್ನೂ ಸೇರಿಸಿ. ಹೇಳಲು ಇಷ್ಟವಿಲ್ಲದವರು ‘ಪಾಸ್’ ಎನ್ನಲು ಬಿಡಿ.

‘ಯಾರಿಗೂ ಹೇಳಲ್ಲ’ ಎಂಬ ಆಣೆ ಬೇಡ. ಲೈಂಗಿಕ ದೌರ್ಜನ್ಯ ಗೊತ್ತಾದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ವರದಿ ಮಾಡಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಕ್ಕಳ ಗುರುತು ತಿಳಿಯುವ ಚಿತ್ರ ವಾಟ್ಸ್‌ಆ್ಯಪ್‌ಗೆ ಹೋಗಬಾರದು.