ಸೀಳುತುಟಿ ಶಿಬಿರದಲ್ಲಿ ಕ್ಯಾಮೆರಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಸೀಳುತುಟಿ, ಸೀಳು ಅಂಗುಳದ ಮಕ್ಕಳಿಗೆ ಉಚಿತ ಶಸ್ತ್ರಚಿಕಿತ್ಸೆ ಶಿಬಿರ ನಡೆಯಲಿದೆ. ಫೋಟೊ ಹೊಣೆ ನನ್ನದು. ಮದುವೆ ಫೋಟೊ ತೆಗೆದು ಗೊತ್ತು. ಇಲ್ಲಿ ಏನು ಬೇರೆ? (ಹಾವೇರಿ)

ಉತ್ತರ: ಇಲ್ಲಿ ನಿಮ್ಮ ಮೊದಲ ಗಿರಾಕಿ ಸರ್ಜನ್, ಪತ್ರಿಕೆಯವರು ಆಮೇಲೆ. ಪ್ರತಿ ಮಗುವಿನ ನೇರ ಮುಖ, ಎಡ–ಬಲ ಪಕ್ಕಗಳು ಬೇಕು. ಎಲ್ಲರೂ ಮರೆಯುವುದು ಗದ್ದದ ಕಡೆಯಿಂದ ತೆಗೆಯುವ ಚಿತ್ರ. ಮೂಗಿನ ಹೊಳ್ಳೆ ಎಷ್ಟು ಚಪ್ಪಟೆಯಾಗಿದೆ ಎಂದು ತಿಳಿಯುವುದೇ ಅದರಲ್ಲಿ. ಮಗುವನ್ನು ತಾಯಿಯ ತೊಡೆಯ ಮೇಲೆ ಅಂಗಾತ ಮಲಗಿಸಿ, ಕಾಲಿನ ಕಡೆ ನಿಂತು ತೆಗೆಯಿರಿ. ಅಂಗುಳಕ್ಕಾಗಿ ಬಾಯಿ ಬಿಡಿಸಲು ಹೋಗಬೇಡಿ. ಮಗು ಒಮ್ಮೆ ಅತ್ತರೆ ಸಾಕು, ಅಂಗುಳ ಪೂರ್ತಿ ಕಾಣುತ್ತದೆ. ಟಾರ್ಚ್ ಹಿಡಿಯಲು ಒಬ್ಬರು ಸಿದ್ಧವಿರಲಿ.

ಉಳಿದ ಚಿತ್ರಗಳನ್ನು ತಪಾಸಣೆಯ ದಿನವೇ, ಹಾಲು ಕುಡಿದಾದ ಮೇಲೆ ಮುಗಿಸಿ. ಶಸ್ತ್ರಚಿಕಿತ್ಸೆಗೆ 4 ಗಂಟೆ ಮೊದಲೇ ಎದೆಹಾಲು ನಿಲ್ಲಿಸುತ್ತಾರೆ, ಹಸಿದ ಕೂಸು ನಿಮ್ಮ ಮಾತು ಕೇಳುವುದಿಲ್ಲ.

ಫುಲ್ ಫ್ರೇಮ್ ಕ್ಯಾಮೆರಾಗೆ 85ರಿಂದ 105 ಎಂ.ಎಂ. ಲೆನ್ಸ್ ಸರಿ. ಮೊಬೈಲನ್ನು ಮುಖಕ್ಕೆ ಹತ್ತಿರ ಹಿಡಿದರೆ ಮೂಗು ಉಬ್ಬುತ್ತದೆ. 2ಎಕ್ಸ್ ಜೂಮ್ ಇಟ್ಟು ಹಿಂದೆ ಸರಿಯಿರಿ. ಹಿಂಬದಿಗೆ ಸುಕ್ಕಿಲ್ಲದ ತಿಳಿನೀಲಿ ಬಟ್ಟೆ, ಬೆಳಕಿಗೆ ಕಿಟಕಿ. ಕೂಸಿನ ಮುಖಕ್ಕೆ ನೇರ ಫ್ಲ್ಯಾಷ್ ಬೇಡ. ಪ್ರತಿ ಮಗುವಿನ ಮೊದಲ ಫ್ರೇಮಿನಲ್ಲಿ ಕೇಸ್ ನಂಬರ್ ಚೀಟಿ ಇರಲಿ, ಹೆಸರು ಬೇಡ.

ಪ್ರಶ್ನೆ: ಆಪರೇಷನ್ ಥಿಯೇಟರಿನಲ್ಲಿ ಮಗುವಿನ ಮುಖ ಬೆಳ್ಳಗೆ ಸುಟ್ಟಂತೆ ಬರುತ್ತದೆ, ಏಕೆ? (ರಾಯಚೂರು)

ಉತ್ತರ: ಥಿಯೇಟರ್ ದೀಪ ಬೀಳುವುದು ಅಂಗೈಯಗಲ ಜಾಗದ ಮೇಲೆ. ಸುತ್ತಲಿನ ಹಸಿರು ಬಟ್ಟೆಯ ಕತ್ತಲನ್ನು ನೋಡಿ ಕ್ಯಾಮೆರಾ ಬೆಳಕು ಏರಿಸುತ್ತದೆ. ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್ ಬಳಸಿ, ಇಲ್ಲವೇ ಎಕ್ಸ್‌ಪೋಷರನ್ನು 1–2 ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್‌ನಲ್ಲಿ ಎಲ್‌ಇಡಿ ದೀಪದಿಂದ ಪಟ್ಟೆ ಬೀಳಬಹುದು. ಆಗ ಮೆಕ್ಯಾನಿಕಲ್ ಷಟರ್, 1/100 ಸೆಕೆಂಡ್ ಪ್ರಯತ್ನಿಸಿ.

ಕ್ಯಾಮೆರಾ ಪಟ್ಟಿ ಬಿಚ್ಚಿಡಿ. ಬಗ್ಗಿದಾಗ ಅದೇ ಹೋಗಿ ಶುದ್ಧ ಬಟ್ಟೆಗೆ ತಾಗುವುದು. ತಾಗಿದರೆ ಮುಚ್ಚಿಡದೆ ಆ ಕ್ಷಣವೇ ನರ್ಸ್‌ಗೆ ಹೇಳಿ, ಬಟ್ಟೆ ಬದಲಿಸುತ್ತಾರೆ. ಅರಿವಳಿಕೆ ಕೊಡುವಾಗ, ಮಗು ಎಚ್ಚರಗೊಳ್ಳುವಾಗ ಗೋಡೆಗೆ ಸರಿದು ನಿಲ್ಲಿ. ಉಸಿರಾಟ ತೊಡಕಾಗುವ ಸಮಯ ಅದು.

ಪ್ರಶ್ನೆ: ತಾಯಿ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರೆ. ಫೇಸ್‌ಬುಕ್‌ಗೆ ಚಿತ್ರ ಹಾಕಬಹುದೇ? (ಕಲಬುರಗಿ)

ಉತ್ತರ: ಇಲ್ಲ. ಆ ಸಹಿ ಚಿಕಿತ್ಸೆಗೆ ಮಾತ್ರ. ವೈದ್ಯಕೀಯ ದಾಖಲೆಗೆ, ವೈದ್ಯರ ಪಾಠಕ್ಕೆ, ಪ್ರಚಾರಕ್ಕೆ ಎಂದು ಮೂರು ಬೇರೆ ಬೇರೆ ಒಪ್ಪಿಗೆ ಕೇಳಿ. ಲಂಬಾಣಿಯೋ ಉರ್ದುವೋ, ಅವರ ಮಾತಿನಲ್ಲೇ ಓದಿ ಹೇಳಬೇಕು. ‘ಫೋಟೊ ಬೇಡ ಅಂದರೂ ಆಪರೇಷನ್ ಆಗುತ್ತದೆ’ ಎಂಬುದನ್ನು ಮೊದಲೇ ತಿಳಿಸದಿದ್ದರೆ ಆ ಹೆಬ್ಬೆಟ್ಟಿಗೆ ಬೆಲೆಯಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ವಿಷಯದಲ್ಲಿ ಪಾಲಕರ ಖಚಿತ ಒಪ್ಪಿಗೆ ಕೇಳುತ್ತದೆ. ಕಣ್ಣಿಗೆ ಕಪ್ಪುಪಟ್ಟಿ ಹಾಕಿದರೂ ತಾಯಿಯ ಸೀರೆ ನೋಡಿ ಊರವರು ಗುರುತಿಸುತ್ತಾರೆ. ಮೊಬೈಲಿನಲ್ಲಿ ಲೊಕೇಶನ್, ತಾನಾಗಿ ಬ್ಯಾಕಪ್ ಆಗುವ ವ್ಯವಸ್ಥೆ ಎರಡನ್ನೂ ಆರಿಸಿಡಿ. ವಾಟ್ಸ್ಆ್ಯಪ್ ಗುಂಪಿಗಂತೂ ಬೇಡವೇ ಬೇಡ.

ಪ್ರಶ್ನೆ: ‘ನಂತರ’ದ ಫೋಟೊ ಯಾವಾಗ? (ಶಿರಸಿ)

ಉತ್ತರ: ಮರುದಿನ ತುಟಿ ಊದಿರುತ್ತದೆ, ಮುಂದಿನ ಕೆಲವು ತಿಂಗಳು ಗಾಯದ ಗೆರೆ ಕೆಂಪಗಿರುತ್ತದೆ. ಕನಿಷ್ಠ 6 ತಿಂಗಳು ಕಾಯಿರಿ. ಅದೇ ಲೆನ್ಸ್, ಅದೇ ದೂರ, ಅದೇ ಬೆಳಕು ಇರಬೇಕಾದ್ದರಿಂದ ಮೊದಲ ದಿನವೇ ಇವನ್ನು ಕೇಸ್ ನಂಬರ್ ಪಕ್ಕ ಬರೆದಿಡಿ.