ರೇರಾ ಆದೇಶ ಕೈಯಲ್ಲಿದೆ, ಬಿಲ್ಡರ್ ದಿವಾಳಿ: ಈಗೇನು?

ಪ್ರಶ್ನೆ: ಬಿಲ್ಡರ್ ಬಡ್ಡಿ ಸಮೇತ ಹಣ ಮರಳಿಸಬೇಕೆಂದು ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಆದೇಶಿಸಿದೆ. ವಸೂಲಾತಿ ಪತ್ರ ಜಿಲ್ಲಾಧಿಕಾರಿ ಕಚೇರಿಯಲ್ಲಿದೆ. ಅಷ್ಟರಲ್ಲಿ ಕಂಪನಿಯ ಮೇಲೆ ಎನ್‌ಸಿಎಲ್‌ಟಿಯಲ್ಲಿ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ದಿವಾಳಿ ಪ್ರಕ್ರಿಯೆ ಶುರುವಾಗಿದೆ. ಆದೇಶ ಇರುವಾಗ ಮತ್ತೆ ಕ್ಲೇಮ್ ಹಾಕಬೇಕೇ?

ಹಾಕಲೇಬೇಕು. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಬಹಳ ಸಲ ಗಡುವು ಮುಗಿದ ಮೇಲೆ ಬರುತ್ತದೆ. ದಿವಾಳಿ ಅರ್ಜಿ ಅಂಗೀಕಾರವಾದ ದಿನವೇ ದಿವಾಳಿ ಸಂಹಿತೆಯ 14ನೇ ಕಲಂ ಪ್ರಕಾರ ಕಂಪನಿಯ ಮೇಲಿನ ಎಲ್ಲ ವಸೂಲಿಗೂ ತಡೆ ಬೀಳುತ್ತದೆ. ತಹಶೀಲ್ದಾರರು ಕಂಪನಿಯ ಆಸ್ತಿ ಮುಟ್ಟುವಂತಿಲ್ಲ. ಆದೇಶ ರದ್ದಾಗಿಲ್ಲ, ನಿಜ. ಆದರೆ ಅದನ್ನು ಬೀರುವಿನಲ್ಲಿಟ್ಟು ಕಾದರೆ ಒಂದು ರೂಪಾಯಿಯೂ ಬಾರದು.

ಪ್ರಕ್ರಿಯೆ ನಡೆಸಲು ನ್ಯಾಯಮಂಡಳಿ ನೇಮಿಸುವ ಮಧ್ಯಂತರ ಪರಿಹಾರ ವೃತ್ತಿಪರರು ಒಂದು ಇಂಗ್ಲಿಷ್, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಾರೆ. ಅವರು ನೇಮಕವಾದ ದಿನದಿಂದ 14 ದಿನದೊಳಗೆ ಕ್ಲೇಮ್ ಸಲ್ಲಿಸಬೇಕು. ಮನೆ ಖರೀದಿದಾರರಿಗೆ ಇರುವುದು ಫಾರ್ಮ್ ಸಿಎ. "ರೇರಾ ಆದೇಶ ಸಿಕ್ಕವರು ಬೇರೆ ವರ್ಗ" ಎಂದು ಯಾರಾದರೂ ಬೇರೆ ಫಾರ್ಮ್ ಹಿಡಿಸಿದರೆ ಒಪ್ಪಬೇಡಿ. ಆದೇಶ ಪಡೆದ ಮಾತ್ರಕ್ಕೆ ಅವರನ್ನು ಉಳಿದ ಖರೀದಿದಾರರಿಂದ ಬೇರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲೇ ಹೇಳಿದೆ.

ಹೆಚ್ಚಿನವರು ಎಡವುವುದು ದಾಖಲೆಯಲ್ಲಿ. ಅಲಾಟ್‌ಮೆಂಟ್ ಪತ್ರ, ಅಗ್ರಿಮೆಂಟ್, ರೇರಾ ಆದೇಶ ಎಲ್ಲವನ್ನೂ ಲಗತ್ತಿಸಿ, ತಮ್ಮ ಉಳಿತಾಯ ಖಾತೆಯ ಸ್ಟೇಟ್‌ಮೆಂಟ್ ಮಾತ್ರ ಕೊಡುತ್ತಾರೆ. ಬ್ಯಾಂಕ್ ನೇರವಾಗಿ ಬಿಲ್ಡರ್‌ಗೆ ಕಳಿಸಿದ ಸಾಲದ ಕಂತುಗಳು ಅದರಲ್ಲಿ ಕಾಣುವುದೇ ಇಲ್ಲ! ಗೃಹಸಾಲದ ಖಾತೆಯ ಸ್ಟೇಟ್‌ಮೆಂಟನ್ನೂ ಸೇರಿಸಿ. ಅಸಲು ಮತ್ತು ಬಡ್ಡಿಯನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಸಾಲಗಾರರಿಂದ ಹಣ ಬರಬೇಕಾದವರ ಸಮಿತಿಯಲ್ಲಿ ನಿಮ್ಮ ಮತದ ಪಾಲು ನಿಮಗೆ ಬರಬೇಕಾದ ಮೊತ್ತದಷ್ಟೇ; ಬೇರೆ ಬಡ್ಡಿ ದರ ಒಪ್ಪಂದವಾಗಿರದಿದ್ದರೆ ಅದಕ್ಕೆ ವರ್ಷಕ್ಕೆ ಶೇ 8ರ ಬಡ್ಡಿ ಸೇರಿಸಿ ಎಣಿಸುತ್ತಾರೆ. 40 ಲಕ್ಷ ಕಟ್ಟಿ ಮೂರು ವರ್ಷವಾಗಿದ್ದರೆ ಸರಳ ಬಡ್ಡಿಯೇ 9.6 ಲಕ್ಷ, ಅದನ್ನು ಬಿಟ್ಟರೆ ನಿಮ್ಮ ಮತದ ತೂಕವೂ ಅಷ್ಟು ಇಳಿಯುತ್ತದೆ. ಅದೇ ಫಾರ್ಮ್‌ನಲ್ಲಿ ಮೂವರ ಪಟ್ಟಿಯಿಂದ, ಸಮಿತಿಯಲ್ಲಿ ಖರೀದಿದಾರರ ಪರ ಕೂರುವ ಅಧಿಕೃತ ಪ್ರತಿನಿಧಿಯನ್ನು ಆರಿಸಬೇಕು. ಆ ಜಾಗ ಖಾಲಿ ಬಿಡಬೇಡಿ.

14 ದಿನ ದಾಟಿದೆಯೇ? ಪ್ರಕ್ರಿಯೆ ಶುರುವಾದ 90 ದಿನ ಅಥವಾ ಪರಿಹಾರ ಯೋಜನೆಗಳಿಗೆ (ಕಂಪನಿಯನ್ನು ಮತ್ತೆ ನಿಲ್ಲಿಸುವ ಪ್ರಸ್ತಾವಗಳಿಗೆ) ಆಹ್ವಾನ ಹೊರಡಿಸುವ ದಿನ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ವಿಳಂಬದ ಕಾರಣ ಬರೆದು ಸಲ್ಲಿಸಬಹುದು. ಯೋಜನೆಗೆ ನ್ಯಾಯಮಂಡಳಿಯ ಮುದ್ರೆ ಬಿದ್ದ ಮೇಲೆ, ಅದರಲ್ಲಿ ಇಲ್ಲದ ಬಾಕಿ ಮುಗಿದ ಕಥೆ.

ಪ್ರಶ್ನೆ: ಶೇ 2 ಕೊಟ್ಟರೆ ನಮ್ಮ ಕ್ಲೇಮ್ ಮೊದಲು ಪಾಸ್ ಮಾಡಿಸುತ್ತೇನೆ ಎನ್ನುತ್ತಾನೆ ಒಬ್ಬ ಏಜೆಂಟ್. ಕೊಡಬಹುದೇ?

ಕೂಡದು. ಕ್ಲೇಮ್ ಸಲ್ಲಿಸಲು ಶುಲ್ಕವಿಲ್ಲ. ಸರತಿ ಸಾಲೂ ಇಲ್ಲ. ಮನೆ ಕಳೆದುಕೊಂಡವರ ಹೆದರಿಕೆಯನ್ನು ಹೀಗೆ ಕಾಸು ಮಾಡಿಕೊಳ್ಳುವುದು ಶುದ್ಧ ಮೋಸ.

ಪ್ರಶ್ನೆ: ಇಎಂಐ ನಿಲ್ಲಿಸಲೇ?

ಬೇಡ. ತಡೆ ಬಿಲ್ಡರ್‌ನ ಸಾಲಗಳಿಗೆ, ನಿಮ್ಮ ಸಾಲಕ್ಕಲ್ಲ. ಬ್ಯಾಂಕ್ ಜೊತೆ ಮಾತಾಡದೆ ಕಂತು ತಪ್ಪಿಸಿದರೆ ನಿಮ್ಮ ಕ್ರೆಡಿಟ್ ದಾಖಲೆ ಕೆಡುತ್ತದೆ.

ಪ್ರಶ್ನೆ: ಸೇಲ್ ಅಗ್ರಿಮೆಂಟ್ ನೋಂದಣಿಯಾಗಿದೆ, ಮನೆ ನನ್ನದೇ ತಾನೇ?

ಅಲ್ಲ. ಮಾಲೀಕತ್ವ ಬರುವುದು ಕ್ರಯಪತ್ರದಿಂದ.

ಪ್ರಶ್ನೆ: ನಾವೇ ದಿವಾಳಿ ಅರ್ಜಿ ಹಾಕಲು ಎಷ್ಟು ಜನ ಬೇಕು?

ಅದೇ ಪ್ರಾಜೆಕ್ಟ್‌ನ 100 ಖರೀದಿದಾರರು ಅಥವಾ ಒಟ್ಟು ಖರೀದಿದಾರರಲ್ಲಿ ಶೇ 10, ಯಾವುದು ಕಡಿಮೆಯೋ ಅದು. ಕಟ್ಟಡ ಮುಕ್ಕಾಲು ಮುಗಿದಿದ್ದರೆ ಆ ದಾರಿಗೆ ಆತುರ ಪಡಬೇಡಿ, ಮೊದಲು ರೇರಾಗೆ ಹೋಗಿ.